ಉಪ್ಪಿನ ಆಗರದಲ್ಲಿ ಅಡಗಿದ ರಾಜಕುಮಾರಿ: ಗುಟ್ಟು ಯಾವ ಅಧ್ಯಾಯದಲ್ಲಿ ಒಡೆಯಬೇಕು?

ಕುಮಟಾ ಓದುಗ:
ಹದಿಹರೆಯದವರಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. 60,000 ಪದ, 30 ಅಧ್ಯಾಯ ಗುರಿ. ಉತ್ತರ ಕನ್ನಡದ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಂಥ ಜಾಗ, ಕಾಳುಮೆಣಸು ಮಾರಿ ಬದುಕುವ ಪುಟ್ಟ ರಾಜ್ಯ. ರಾಜವಂಶದವರ ಕೈ ತಾಗಿದರೆ ಉಪ್ಪುನೀರು ಸಿಹಿಯಾಗುತ್ತದೆ. ಅರಮನೆಯಲ್ಲಿ ದಂಗೆಯಾಗಿ, 16 ವರ್ಷದ ರಾಜಕುಮಾರಿ ಉಪ್ಪಿನ ಆಗರದಲ್ಲಿ ಕೂಲಿಯವಳಾಗಿ ಅಡಗುತ್ತಾಳೆ. ಅವಳು ಯಾರೆಂದು 28ನೇ ಅಧ್ಯಾಯದವರೆಗೆ ಓದುಗರಿಗೂ ಹೇಳಿಲ್ಲ. ನಡುವಿನ ಭಾಗ ಎಳೆದಂತಿದೆ. ಎಲ್ಲಿ ತಿದ್ದಲಿ?

ಗಜನಿ ಗದ್ದೆ:
ಉತ್ತರ ನಿಮ್ಮ ಮಾಯೆಯಲ್ಲೇ ಇದೆ ಮಾರಾಯ್ರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಹತ್ತರಲ್ಲಿ ಒಂಬತ್ತು ಪಾಲು ನೀರು ಆರಿದ ಮೇಲೆಯೇ ಉಪ್ಪಿನ ಹರಳು ಕಟ್ಟುವುದು. ಹಾಗಿದ್ದರೆ ಇವಳು ಕೈಯಿಟ್ಟ ಮಡಿಯಲ್ಲಿ (ಉಪ್ಪುನೀರು ಆರಿಸುವ ಪಾತಿಯಲ್ಲಿ) ಹರಳೇ ಕಟ್ಟಬಾರದು, ಪಕ್ಕದ ಮಡಿಯಲ್ಲಿ ಬೆಳ್ಳಗೆ ರಾಶಿ ಬಿದ್ದಿರಬೇಕು. ಮೇಸ್ತ್ರಿ ಸುಮ್ಮನಿರುತ್ತಾನೆಯೇ? ಉದ್ದ ಹಿಡಿಯ ಹಲಗೆಯಿಂದಷ್ಟೇ ಉಪ್ಪು ಎಳೆಯುತ್ತ, ನೀರು ಮುಟ್ಟದೆ ದಿನ ದೂಡುವ ಆತಂಕವೇ ಐದಾರು ಅಧ್ಯಾಯಕ್ಕೆ ಸಾಕು.

ದಂಗೆಯನ್ನು ಮೇ ಕೊನೆಗೆ ಇಡಿ. ಮಳೆಗಾಲದಲ್ಲಿ ಹೊಳೆಯೇ ಸಿಹಿ, ಆಗರದ ಕೆಲಸ ಬಂದ್, ಗಜನಿಯಲ್ಲಿ (ಅಳಿವೆ ಪಕ್ಕದ ಉಪ್ಪುನೀರಿನ ತಗ್ಗು ಗದ್ದೆಯಲ್ಲಿ) ಕಗ್ಗ ಎಂಬ ತಳಿಯ ಭತ್ತ. ಆಗ ಅವಳ ಶಕ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ, ಗೆಳೆತನ ಬೆಳೆಯಲಿ. ಮಳೆ ಹಿಂದೆ ಸರಿದು ಉಪ್ಪುನೀರು ಮೇಲೇರಿದ ಹಾಗೆ ಅಪಾಯವೂ ಏರುತ್ತದೆ. ಕತೆಯ ಮುಕ್ತಾಯ ಬೇಸಿಗೆಗೆ.

ಇನ್ನೊಂದು: ದೋಣಿಯ ದೃಶ್ಯಗಳಿಗೆ ತಿಥಿ ಬರೆದಿಟ್ಟುಕೊಳ್ಳಿ. ದಿನಕ್ಕೆ ಎರಡು ಭರತ (ಸಮುದ್ರದ ಉಬ್ಬರ), ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ ಆರಕ್ಕೆ ಭರತವಿದ್ದರೆ ಒಂದು ವಾರದ ಮೇಲೆ ಅದೇ ಹೊತ್ತಿಗೆ ಇಳಿತ, ದೋಣಿ ಕೆಸರಲ್ಲಿ. ಕರಾವಳಿಯ ಓದುಗರು ಇದನ್ನು ತಕ್ಷಣ ಹಿಡಿಯುತ್ತಾರೆ.

ಘಟ್ಟದ ಮೇಲೆ, ಶಿರಸಿ:
ಗುಟ್ಟನ್ನು ಓದುಗರಿಂದ ಮುಚ್ಚಬೇಡಿ. ಬೃಹನ್ನಳೆ ಅರ್ಜುನನೇ ಎಂದು ಯಕ್ಷಗಾನದ ಆಟ ನೋಡಲು ಕೂತವರಿಗೆಲ್ಲ ಗೊತ್ತು. ಬನ್ನಿಮರದ ಬುಡದಲ್ಲಿ ಉತ್ತರನಿಗೆ ಯಾವಾಗ ತಿಳಿಯುತ್ತದೆ ಎಂದೇ ಕಾಯುವುದು. 3ನೇ ಅಧ್ಯಾಯದೊಳಗೆ ಓದುಗರಿಗೆ ಹೇಳಿಬಿಡಿ. ಆಮೇಲೆ ಒಂದು ಪಟ್ಟಿ ಮಾಡಿ: ಉದ್ದಕ್ಕೆ 30 ಅಧ್ಯಾಯ, ಅಡ್ಡಕ್ಕೆ ಮುಖ್ಯ ಪಾತ್ರಗಳು. ಯಾರಿಗೆ ಸಂಶಯ, ಯಾರಿಗೆ ಖಚಿತ ಎಂದು ಗುರುತು ಹಾಕಿ. ಸಾಲುಸಾಲಾಗಿ ನಾಲ್ಕು ಅಧ್ಯಾಯ ಯಾವ ಗುರುತೂ ಬದಲಾಗದಿದ್ದರೆ ಕತೆ ಎಳೆಯುವುದು ಅಲ್ಲೇ.

ಮಚ್ಚೆ, ಮುದ್ರೆಯುಂಗುರ ಬೇಡ, ಸವೆದುಹೋಗಿವೆ. ಅಭ್ಯಾಸಗಳು ಅವಳನ್ನು ಬಿಟ್ಟುಕೊಡಲಿ: ಉಂಡ ಬಾಳೆ ಎತ್ತದೆ ಏಳುವುದು, ಅಪರಿಚಿತ ಏಕವಚನದಲ್ಲಿ ಕರೆದಾಗ ತಿರುಗಿಯೂ ನೋಡದಿರುವುದು.

ಕುಮಟಾ ಓದುಗ:
ಜೊತೆಗೆ ಕೆಲಸ ಮಾಡುವ ಗೆಳತಿಗೆ ಯಾವಾಗ ತಿಳಿಯಬೇಕು? ಕಟ್ಟು ಒಡೆದು ಗೆಳತಿಯ ಗದ್ದೆಗೆ ಉಪ್ಪುನೀರು ನುಗ್ಗುವ ದೃಶ್ಯ ಇದೆ.

ಗಜನಿ ಗದ್ದೆ:
ಗದ್ದೆಯಲ್ಲಿ ಕಗ್ಗ ಇದ್ದರೆ ಅದು ಉಪ್ಪು ತಾಳಿಕೊಳ್ಳುತ್ತದೆ, ನೆರೆಯನ್ನೂ ತಾಳಿಕೊಳ್ಳುತ್ತದೆ. ದೃಶ್ಯ ನಿಲ್ಲುವುದಿಲ್ಲ. ಗದ್ದೆಯ ಬದಲು ಕುಡಿಯುವ ಬಾವಿ ಕೆಡಲಿ. ಅಮಾವಾಸ್ಯೆಯ ದೊಡ್ಡ ಭರತಕ್ಕೆ ಕಟ್ಟು ಒಡೆಯಲಿ, 15ನೇ ಅಧ್ಯಾಯದ ಆಸುಪಾಸು. ಗೆಳತಿ ನೋಡುತ್ತಿರುವಾಗಲೇ, ಗೊತ್ತಿದ್ದೂ ಇವಳು ಕೊಡಕ್ಕೆ ಕೈ ಅದ್ದಬೇಕು. ಆಕಸ್ಮಿಕವಾಗಿ ಸಿಕ್ಕಿಬಿದ್ದರೆ ಪಾತ್ರಕ್ಕೆ ತೂಕ ಬರುವುದಿಲ್ಲ.

ಕಾಳಿ ದಡ, ಕಾರವಾರ:
ಖಳನ ಕಡೆ ಯಾರೂ ನೋಡಲಿಲ್ಲ. ಹಿಂದೆ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಈ ಕರಾವಳಿಯಲ್ಲಿ ಸಿಂಹಾಸನದ ಬಲ ನಿಂತಿದ್ದು ಬಂದರಿನ ಮೇಲೆ. ನಿಮ್ಮ ರಾಜ್ಯದಲ್ಲೂ ಹಾಗೇ ಇರಲಿ. ಮೆಣಸಿನ ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿ, 100 ಕಿಲೋ ಹಸಿಗೆ ಒಣಗಿದ್ದು ಸುಮಾರು 33. ಮಳೆಗೆ ಮುಂಚೆ ಹಡಗು ಹೊರಡಲೇಬೇಕು. ಹಡಗಿನ ಪೀಪಾಯಿಗಳಿಗೆ ಕುಡಿಯುವ ನೀರು ತುಂಬಿಸುತ್ತಿದ್ದದ್ದು ರಾಜವಂಶದ ಕೈ ಎಂದಿಟ್ಟರೆ, ದಂಗೆಕೋರನಿಗೆ ಇವಳು ಜೀವಂತ ಬೇಕು, ಅದೂ ಮುಂದಿನ ಏಪ್ರಿಲ್ ಒಳಗೆ. ಪೀಪಾಯಿ ತುಂಬುವ ಒಂದು ಸಣ್ಣ ದೃಶ್ಯವನ್ನು 2ನೇ ಅಧ್ಯಾಯದಲ್ಲೇ, ದಂಗೆಗೆ ಮುಂಚೆ, ಸೇರಿಸಿ.