ಜಿಎಸ್‌ಟಿ ರಿಟರ್ನ್ ಮೂರು ತಿಂಗಳಿಗೊಮ್ಮೆ ಮಾಡಿದರೆ ಅಂಗಡಿಯವರ ಕ್ರೆಡಿಟ್ ತಡ ಆಗುತ್ತಾ?

ಪ್ರಶ್ನೆ (ಸಾಗರ): ಸರ್, ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ ಘಟಕ. ವರ್ಷದ ವಹಿವಾಟು 60 ಲಕ್ಷದ ಆಸುಪಾಸು. ಅರ್ಧ ಮಾಲು ಬೆಂಗಳೂರಿನ ಅಂಗಡಿಗಳಿಗೆ ಹೋಗುತ್ತೆ. ತಿಂಗಳಿಗೆ ಎರಡೆರಡು ರಿಟರ್ನ್ ಹಾಕಿ ಸಾಕಾಗಿದೆ. ಕ್ವಾರ್ಟರ್ಲಿಗೆ ಬದಲಾದರೆ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆ, ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು) ತಡವಾಗಿ ಅಂಗಡಿಯವರು ಬೇಜಾರಾಗ್ತಾರಾ?

ಉತ್ತರ (ತೆರಿಗೆ ಸಲಹೆಗಾರರು, ಶಿವಮೊಗ್ಗ): ಧೈರ್ಯವಾಗಿ ಬದಲಾಗಿ. ವಹಿವಾಟು 5 ಕೋಟಿ ಮೀರದವರಿಗೆ 2021ರ ಜನವರಿಯಿಂದ ಕ್ಯೂಆರ್‌ಎಂಪಿ (ರಿಟರ್ನ್ ಮೂರು ತಿಂಗಳಿಗೊಮ್ಮೆ, ತೆರಿಗೆ ಪಾವತಿ ತಿಂಗಳಿಗೊಮ್ಮೆ) ಸೌಲಭ್ಯ ಇದೆ. ಜುಲೈ–ಸೆಪ್ಟೆಂಬರ್‌ಗೆ ಬೇಕಿದ್ದರೆ ಮೇ 1ರಿಂದ ಜುಲೈ 31ರೊಳಗೆ ಪೋರ್ಟಲ್‌ನಲ್ಲಿ ಆರಿಸಿಕೊಳ್ಳಬೇಕು. ಹಿಂದಿನ 3ಬಿ (ತೆರಿಗೆ ಲೆಕ್ಕದ ಸಾರಾಂಶ ರಿಟರ್ನ್) ಬಾಕಿ ಇದ್ದರೆ ಆಗೋದಿಲ್ಲ.

ಅಂಗಡಿಯವರ ಬಿಲ್‌ಗಳನ್ನು ತ್ರೈಮಾಸಿಕದ ಮೊದಲೆರಡು ತಿಂಗಳು ಐಎಫ್‌ಎಫ್‌ನಲ್ಲಿ (ಪೋರ್ಟಲ್‌ನಲ್ಲಿ ಬಿಲ್ ಏರಿಸುವ ಸೌಲಭ್ಯ) ಹಾಕಿ. ಜುಲೈ ಬಿಲ್ ಆಗಸ್ಟ್ 13ರೊಳಗೆ ಹೋದರೆ 14ಕ್ಕೆ ಅವರ 2ಬಿಯಲ್ಲಿ (ಅವರಿಗೆ ಸಿಗುವ ಕ್ರೆಡಿಟ್‌ನ ಪಟ್ಟಿ) ಕಾಣುತ್ತೆ. 13 ದಾಟಿದರೆ ಮುಂದಿನ ತಿಂಗಳೇ ಗತಿ, ಅವರ ಫೋನ್ ಬರೋದು ಅಲ್ಲಿಂದಲೇ. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗಳ ಮಾರಾಟ ಐಎಫ್‌ಎಫ್‌ಗೆ ಬೇಡ, ತ್ರೈಮಾಸಿಕ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರದ ರಿಟರ್ನ್) ತೋರಿಸಿದರೆ ಸಾಕು.

ಹೆಚ್ಚಿನವರು ಎಡವೋದು ದುಡ್ಡು ಕಟ್ಟುವಲ್ಲಿ. ರಿಟರ್ನ್ ಮೂರು ತಿಂಗಳಿಗೊಮ್ಮೆ, ತೆರಿಗೆ ಮಾತ್ರ ತಿಂಗಳು ತಿಂಗಳು. ಮೊದಲೆರಡು ತಿಂಗಳದ್ದನ್ನು ಮುಂದಿನ ತಿಂಗಳ 25ರೊಳಗೆ ಪಿಎಂಟಿ-06 ಎಂಬ ಪಾವತಿ ಚಲನ್‌ನಲ್ಲಿ ಕಟ್ಟಬೇಕು. ಚಲನ್‌ನ ಕಾರಣದ ಜಾಗದಲ್ಲಿ ‘ಮಂತ್ಲಿ ಪೇಮೆಂಟ್ ಫಾರ್ ಕ್ವಾರ್ಟರ್ಲಿ ರಿಟರ್ನ್’ ಆರಿಸಿ. ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ (ಕ್ರೆಡಿಟ್ ಬಳಸದೆ) ಕಟ್ಟಿದ್ದು 40,000 ಇದ್ದರೆ ಅದರ 35%, ಅಂದರೆ 14,000 ಕಟ್ಟಬೇಕಾದ ಮೊತ್ತವಾಗಿ ಚಲನ್‌ನಲ್ಲಿ ತಾನಾಗಿ ಬರುತ್ತೆ. ನೀವು ಇಷ್ಟು ದಿನ ಮಾಸಿಕ ಹಾಕಿದವರಾದ್ದರಿಂದ ಮೊದಲ ಸಲ ಹಿಂದಿನ ತ್ರೈಮಾಸಿಕದ ಕೊನೇ ತಿಂಗಳು ನಗದಾಗಿ ಕಟ್ಟಿದ್ದರ 100% ಬರುತ್ತೆ, ಗಾಬರಿಯಾಗಬೇಡಿ.

ಪ್ರಶ್ನೆ (ತೀರ್ಥಹಳ್ಳಿ): ನಮಗೆ ಮದುವೆ ಸೀಸನ್ ಮುಗಿದು ಮಳೆ ಹಿಡಿದರೆ ವ್ಯಾಪಾರವೇ ಇಲ್ಲ. ಆ 35% ಕಟ್ಟಲೇಬೇಕಾ ಸರ್?

ಉತ್ತರ: ಬೇಡ. ಚಲನ್‌ನಲ್ಲೇ ಸ್ವಂತ ಲೆಕ್ಕದ ಆಯ್ಕೆ ಇದೆ: ಆ ತಿಂಗಳ ಮಾರಾಟದ ತೆರಿಗೆಯಲ್ಲಿ ಬಾಟಲಿ, ಡಬ್ಬಿ, ಲೇಬಲ್ ಖರೀದಿಯ ಕ್ರೆಡಿಟ್ ಕಳೆದು ಉಳಿದದ್ದನ್ನು ಕಟ್ಟಿ. ಲೆಕ್ಕ ಕಡಿಮೆ ಬಿದ್ದರೆ ಕೊರತೆಯ ಮೇಲೆ ವರ್ಷಕ್ಕೆ 18% ಬಡ್ಡಿ. 35% ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಆ ಭಯವಿಲ್ಲ. ವ್ಯಾಪಾರ ಜೋರಿರುವಾಗ ಅದನ್ನೇ ಆರಿಸಿ. ಎರಡನ್ನೂ ತಿಂಗಳಿಂದ ತಿಂಗಳಿಗೆ ಬದಲಿಸಬಹುದು. ಕೊನೆಗೆ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 13ಕ್ಕೆ ಜಿಎಸ್‌ಟಿಆರ್-1, ನಮ್ಮ ಕರ್ನಾಟಕದವರಿಗೆ 22ಕ್ಕೆ 3ಬಿ.