ಅಪ್‌ಡೇಟ್: ಒಬ್ಬ ಗ್ರಾಹಕನಿಗೆ ಹಲವು ವಿಳಾಸ

ಡೇಟಾಬೇಸ್‌ನಲ್ಲಿ ಗ್ರಾಹಕರ ಟೇಬಲ್‌ಗೇ ವಿಳಾಸ 1, ವಿಳಾಸ 2 ಎಂದು ಕಾಲಂ ಸೇರಿಸುತ್ತ ಹೋಗುವುದೋ, ಬೇರೆ ಟೇಬಲ್ ಮಾಡುವುದೋ ಎಂದು ಕೇಳಿದ್ದೆ. ನಿಮ್ಮಲ್ಲಿ ಹೆಚ್ಚಿನವರು ಹೇಳಿದಂತೆ ಬೇರೆ ಟೇಬಲ್ಲನ್ನೇ ಮಾಡಿದೆ. ಗ್ರಾಹಕರ ಐಡಿ ಅದರಲ್ಲಿ ಫಾರಿನ್ ಕೀ, ಅಂದರೆ ಯಾವ ವಿಳಾಸ ಯಾವ ಗ್ರಾಹಕರದು ಎಂದು ತೋರಿಸುವ ಕೊಂಡಿ.

ಒಂದೇ ಮನೆಯ ಇಬ್ಬರು ಗ್ರಾಹಕರಿಗೆ ಒಂದೇ ವಿಳಾಸದ ಸಾಲನ್ನು ಹಂಚುವ ಸಲಹೆಯನ್ನು ಮಾತ್ರ ಕೈಬಿಟ್ಟೆ. ಒಬ್ಬರು ಮನೆ ಬದಲಿಸಿ ವಿಳಾಸ ತಿದ್ದಿದರೆ ಇನ್ನೊಬ್ಬರೂ ಕೇಳದೆಯೇ ಗಂಟುಮೂಟೆ ಕಟ್ಟಿದಂತಾಗುತ್ತದೆ. ಅದಕ್ಕಿಂತ ನಾಲ್ಕು ಸಾಲು ಎರಡೆರಡು ಬಾರಿ ಇರುವುದೇ ಮೇಲು.

ತಲೆ ತಿಂದದ್ದು ಮುಖ್ಯ ವಿಳಾಸದ ಪ್ರಶ್ನೆ: ಒಬ್ಬ ಗ್ರಾಹಕನಿಗೆ ಅದು ಒಂದೇ ಇರಬೇಕು. ನಾನು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ, ಮುಖ್ಯ ಎಂದು ಗುರುತಾದ ಸಾಲುಗಳಿಗೆ ಮಾತ್ರ ಅನ್ವಯಿಸುವ ಪಾರ್ಷಿಯಲ್ ಯೂನಿಕ್ ಇಂಡೆಕ್ಸನ್ನು ಗ್ರಾಹಕರ ಐಡಿಯ ಮೇಲೆ ಹಾಕಿದೆ. ಆ ಸಾಲುಗಳಲ್ಲಿ ಒಂದೇ ಐಡಿ ಎರಡು ಬಾರಿ ಬರದಂತೆ ಅದು ನೋಡಿಕೊಳ್ಳುತ್ತದೆ. ಎರಡನೆಯ ಮುಖ್ಯ ವಿಳಾಸ ಬಂದರೆ ಡೇಟಾಬೇಸೇ ತಡೆಯುತ್ತದೆ. ಆದರೆ ಒಂದಾದರೂ ಇರಲೇಬೇಕು ಎಂಬುದನ್ನು ಈ ಇಂಡೆಕ್ಸ್ ನೋಡಿಕೊಳ್ಳುವುದಿಲ್ಲ. ಆ ಹೊಣೆ ಸದ್ಯಕ್ಕೆ ಕೋಡ್‌ನದು. ಬದಲಿಸುವಾಗ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ ಆಗುವ, ಇಲ್ಲವಾದರೆ ಏನೂ ಆಗದ ಕೆಲಸಗಳ ಗುಂಪು) ಮೊದಲು ಹಳೆಯದರ ಗುರುತು ತೆಗೆದು, ಆಮೇಲೆ ಹೊಸದಕ್ಕೆ ಹಾಕಬೇಕು. ಕ್ರಮ ತಿರುಗಿದರೆ ದೋಷ ಖಚಿತ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಈ ಬಗೆಯ ಇಂಡೆಕ್ಸ್ ಇಲ್ಲ, ಬೇರೆ ದಾರಿ ಹುಡುಕಬೇಕು.

ಆರ್ಡರ್‌ಗಳಲ್ಲಿ ವಿಳಾಸದ ಐಡಿಯನ್ನಷ್ಟೇ ಇಡದೆ ಆ ದಿನದ ಪೂರ್ಣ ವಿಳಾಸವನ್ನೇ ನಕಲಿಸಿಡುತ್ತಿದ್ದೇನೆ. ಸರಕು ಹೋಗುವ ರಾಜ್ಯ ಬದಲಾದರೆ ಜಿಎಸ್‌ಟಿಯ ಬಗೆಯೇ ಬದಲಾಗಬಹುದು. ಹಳೆಯ ಬಿಲ್ ಇಂದಿನ ವಿಳಾಸ ತೋರಿಸಿದರೆ ಲೆಕ್ಕಿಗರು ಸುಮ್ಮನಿರುವುದಿಲ್ಲ.

‘ದೇವಸ್ಥಾನದ ಹಿಂದೆ’ ಎನ್ನುವಂಥ ಗುರುತಿಗೂ ಒಂದು ಕಾಲಂ ಇಟ್ಟಿದ್ದೇನೆ. ಎಲ್ಲಕ್ಕಿಂತ ಹೆಚ್ಚು ತುಂಬುತ್ತಿರುವುದು ಅದೇ.