ಲಾನ್ ಮೂವರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ: ಗೊತ್ತಿದ್ದವರು ಹೇಳಿ

ಪ್ರಶ್ನೆ, ಮೈಸೂರಿನಿಂದ:
ಮನೆ ಮುಂದೆ ಸ್ವಲ್ಪ ಲಾನ್ ಇದೆ. ಅದಕ್ಕೊಂದು ಕರೆಂಟಿನ ಹುಲ್ಲು ಕತ್ತರಿಸುವ ಮಷೀನ್. ಸಿಂಗಲ್ ಫೇಸ್, 1 ಎಚ್‌ಪಿ ಮೋಟರ್, ಕೆಳಗೆ ಒಂದೇ ಉದ್ದನೆಯ ಬ್ಲೇಡ್. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು. ಈಗ ಸ್ವಿಚ್ ಒತ್ತಿದರೆ ಗುಂಯ್ ಅಂತ ಸದ್ದು ಬರುತ್ತದೆ, ಬ್ಲೇಡ್ ಅಲ್ಲಾಡುವುದಿಲ್ಲ. ರಿಪೇರಿಯವರು ಒಬ್ಬರು ಬಿಚ್ಚಿಯೂ ನೋಡದೆ "ಕಾಯಿಲ್ ಹೋಗಿದೆ, ರಿವೈಂಡಿಂಗ್ ಆಗಬೇಕು" ಅಂದರು. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಸ್ಪ್ಯಾನರ್ ಸೆಟ್ ಇದೆ. ಮನೆಯಲ್ಲೇ ಏನಾದರೂ ನೋಡಬಹುದಾ?

ಹಾಸನದಿಂದ:
ಸರ್, ಗುಂಯ್ ಅನ್ನುತ್ತಿದೆ ಅಂದರೆ ಅರ್ಧ ಒಳ್ಳೆಯ ಸುದ್ದಿ. ಕರೆಂಟ್ ಮೋಟರ್ ತನಕ ಬರುತ್ತಿದೆ. ಕಾಯಿಲ್ ಸುಟ್ಟಿದ್ದರೆ ಸಾಮಾನ್ಯವಾಗಿ ಎಂಸಿಬಿ ಬೀಳುತ್ತದೆ, ಇಲ್ಲವೇ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ನೀವು ಎರಡನ್ನೂ ಹೇಳಿಲ್ಲ. ಹಾಗಿದ್ದರೆ ಹೆಚ್ಚಿನ ಸಲ ಎರಡರಲ್ಲೊಂದು: ಬ್ಲೇಡ್ ಎಲ್ಲೋ ಬಿಗಿಯಾಗಿದೆ, ಇಲ್ಲಾ ಕಂಡೆನ್ಸರ್ (ಕೆಪಾಸಿಟರ್) ಹೋಗಿದೆ.

ಮೊದಲು ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಪೆಟ್ರೋಲ್ ಮಷೀನ್ ಅಲ್ಲವಲ್ಲ, ಧೈರ್ಯವಾಗಿ ಪಕ್ಕಕ್ಕೆ ಮಲಗಿಸಿ. ಕೈಗೆ ದಪ್ಪ ಗ್ಲೌಸ್ ಹಾಕಿ ಬ್ಲೇಡ್ ತಿರುಗಿಸಿ. ಬಿಗಿಯಾಗಿದ್ದರೆ ಶಾಫ್ಟಿಗೆ ಗರಿಕೆ ಬೇರೋ ಪ್ಲಾಸ್ಟಿಕ್ ದಾರವೋ ಸುತ್ತಿಕೊಂಡಿರಬಹುದು. ಗರಗರ ಅಂದರೆ ಬೇರಿಂಗ್ ತುಕ್ಕು ಹಿಡಿದಿದೆ. ಬೇರಿಂಗ್ ಮೇಲೆ 6202, 6203 ಅಂತ ನಂಬರ್ ಇರುತ್ತದೆ. ಅದನ್ನು ಹೇಳಿದರೆ ಸಾಕು, ಬೇರಿಂಗ್ ಅಂಗಡಿಯಲ್ಲಿ ಕೊಡುತ್ತಾರೆ. ಮೂವರ್ ಕಂಪನಿಯದೇ ಬೇಕು ಅಂತೇನಿಲ್ಲ.

ಸಲೀಸಾಗಿ ತಿರುಗಿದರೆ ಅನುಮಾನ ಕಂಡೆನ್ಸರ್ ಮೇಲೆ. ಮೋಟರ್ ಪಕ್ಕದಲ್ಲೋ ಸ್ವಿಚ್ ಬಾಕ್ಸಿನೊಳಗೋ ಗಿಡ್ಡ ಡಬ್ಬಿಯ ಥರ ಇರುತ್ತದೆ. ಇಂಥ ಸಿಂಗಲ್ ಫೇಸ್ ಮೋಟರಿಗೆ ತಾನಾಗಿ ಹೊರಡುವ ಶಕ್ತಿ ಇಲ್ಲ. ಇನ್ನೊಂದು ಕಾಯಿಲಿಗೆ ಕಂಡೆನ್ಸರ್ ಮೂಲಕ ಕರೆಂಟ್ ಹೋದಾಗಲೇ ಅದಕ್ಕೆ ಮೊದಲ ತಳ್ಳು ಸಿಗುವುದು. ಸೀಲಿಂಗ್ ಫ್ಯಾನಿನಲ್ಲೂ ಇದೇ ಕಥೆ. ಅದರ 2.5 ಎಂಎಫ್‌ಡಿ (ಮೈಕ್ರೊಫ್ಯಾರಡ್) ಕಂಡೆನ್ಸರ್ ಹೋದರೆ ಫ್ಯಾನ್ ಸುಮ್ನೆ ಗುಂಯ್ ಅನ್ನುತ್ತಿರುತ್ತದೆ, ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಮೂವರಿನಲ್ಲಿ ಮಾತ್ರ ಆ ಕೋಲಿನ ಪರೀಕ್ಷೆ ಬೇಡವೇ ಬೇಡ. ಬ್ಲೇಡಿಗೆ ತಾಗಿದ ಕೋಲು ಎಲ್ಲಿಗೆ ಹಾರುತ್ತದೋ ದೇವರೇ ಬಲ್ಲ.

ತುಮಕೂರಿನಿಂದ:
ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಚಾರ್ಜ್ ಇರಬಹುದು. ಮುಟ್ಟುವ ಮುಂಚೆ ಹಳೇ ಕಾಲದ 60 ವ್ಯಾಟ್ ಫಿಲಮೆಂಟ್ ಬಲ್ಬನ್ನು ಹೋಲ್ಡರಿಗೆ ಹಾಕಿ, ಹೋಲ್ಡರಿನ ಎರಡು ವೈರುಗಳನ್ನು ಕಂಡೆನ್ಸರಿನ ಎರಡು ಕಾಲಿಗೆ ಕೆಲವು ಸೆಕೆಂಡ್ ತಾಗಿಸಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗುವುದಿಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವವರು ಬಹಳ ಜನ ಇದ್ದಾರೆ. ಕಂಡೆನ್ಸರಿನ ಕಾಲು ಸುಡುತ್ತದೆ, ಕಿಡಿ ಮುಖಕ್ಕೆ ಹಾರುತ್ತದೆ, ಬೇಕಾ?

ವೈರ್ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಆಮೇಲೆ ಮೀಟರನ್ನು ಕೆಪಾಸಿಟೆನ್ಸ್ ರೇಂಜಿಗೆ ಹಾಕಿ ಅಳೆಯಿರಿ. ಡಬ್ಬಿ ಮೇಲೆ 25 ಎಂಎಫ್‌ಡಿ, ಶೇ. 5 ಅಂತ ಇದ್ದರೆ ಮೀಟರ್ 24ರಿಂದ 26ರ ಆಸುಪಾಸು ತೋರಿಸಬೇಕು. ಡಬ್ಬಿ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಅಳೆಯುವುದೂ ಬೇಡ, ಬಿಸಾಡಿ. ಹೊಸದು ಅದೇ ಎಂಎಫ್‌ಡಿ ಇರಲಿ. ವೋಲ್ಟ್ ಹಳೆಯದರಷ್ಟೇ ಇರಲಿ, ಜಾಸ್ತಿ ಇದ್ದರೂ ತೊಂದರೆ ಇಲ್ಲ. ಕಡಿಮೆ ಮಾತ್ರ ಬೇಡ.

ಹುಬ್ಬಳ್ಳಿಯಿಂದ:
ಇದನ್ನ ಓದಿ ತಮ್ಮ ಮಷೀನ್ ಬಿಚ್ಚಲು ಹೊರಟವರಿಗೊಂದು ಮಾತು. ಹಗುರ ಪ್ಲಾಸ್ಟಿಕ್ ಬಾಡಿಯ ಎಷ್ಟೋ ಮೂವರುಗಳಲ್ಲಿ ಇರುವುದು ಮಿಕ್ಸಿಯಂಥ ಕಾರ್ಬನ್ ಮೋಟರ್. ಅದರ ಲಕ್ಷಣವೇ ಬೇರೆ ರೀ. ಗುಂಯ್ ಅನ್ನುವುದಿಲ್ಲ, ಪೂರ್ತಿ ಸತ್ತಿರುತ್ತದೆ. ಇಲ್ಲಾ ಬಡಿದರೆ ಹೊರಡುತ್ತದೆ, ಒಳಗೆ ದೊಡ್ಡ ಕಿಡಿ ಕಾಣುತ್ತದೆ. ಮೋಟರಿನ ಎರಡೂ ಕಡೆಯ ಕ್ಯಾಪ್ ಬಿಚ್ಚಿ ಕಾರ್ಬನ್ ತುಂಡು (ಬ್ರಷ್) ಎಳೆದು ನೋಡಿ. ಅರ್ಧ ಸೆಂಟಿಮೀಟರಿಗೆ ಸವೆದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಅಲ್ಲ. ಒಳಗಿನ ತಾಮ್ರದ ಪಟ್ಟಿಗಳು ಕಪ್ಪಾಗಿದ್ದರೆ ನುಣುಪಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ ಪುಡಿ ಊದಿ ತೆಗೆಯಿರಿ. ಎಮರಿ ಕಾಗದ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬ್ಲೇಡ್ ಸಲೀಸಾಗಿ ತಿರುಗುತ್ತಿತ್ತು. ಕಂಡೆನ್ಸರ್ ಮೇಲೆ 25 ಅಂತ ಇದೆ, ಮೀಟರ್ ತೋರಿಸಿದ್ದು 7. ಹೊಸದು ಹಾಕಿದೆ, ಸ್ವಿಚ್ ಒತ್ತಿದ ತಕ್ಷಣ ಹೊರಟಿತು. ಆದರೆ ಈಗ ಇನ್ನೊಂದು ಕಾಟ. ಲಾನಿನ ಆಚೆ ತುದಿಗೆ ಹೋಗುವಷ್ಟರಲ್ಲಿ ಸದ್ದು ಕುಗ್ಗುತ್ತದೆ. ಮೋಟರ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಹ್ಯಾಂಡಲ್ ನಡುಗುತ್ತದೆ. ಅಡುಗೆಮನೆ ಪ್ಲಗ್ಗಿನಿಂದ 30 ಮೀಟರಿನ ಎಕ್ಸ್‌ಟೆನ್ಷನ್ ವೈರ್ ಎಳೆದಿದ್ದೇನೆ. ಹಬ್ಬದ ಸೀರಿಯಲ್ ಲೈಟಿಗೆ ಬಳಸುತ್ತಿದ್ದ ವೈರ್.

ಬೆಂಗಳೂರಿನಿಂದ:
ಅಲ್ಲೇ ಇರೋದು ನೋಡಿ! ಆ ವೈರ್ 0.5 ಚದರ ಮಿಲಿಮೀಟರಿನದು ಇರಬೇಕು. 30 ಮೀಟರ್ ಅಂದರೆ ಹೋಗಿ ಬರಲು 60 ಮೀಟರ್ ತಾಮ್ರ. 6 ಆಂಪಿಯರ್ ಎಳೆದರೆ ಸುಮಾರು 14 ವೋಲ್ಟ್ ವೈರಿನಲ್ಲೇ ಹೋಯಿತು. 1.5ರ ವೈರ್ ಆದರೆ ಸುಮಾರು 5 ವೋಲ್ಟ್, 2.5 ಆದರೆ ಸುಮಾರು 3. ಇದರ ಜೊತೆ ಸಂಜೆ ಹೊತ್ತು ಲೈನ್ ವೋಲ್ಟೇಜೇ ಕಡಿಮೆ ಇದ್ದರೆ ಮುಗಿಯಿತು. ಇಂಥ ಮೋಟರಿಗೆ 230ರ ಬದಲು 200 ವೋಲ್ಟ್ ಸಿಕ್ಕರೆ ತಿರುಗಿಸುವ ಬಲ ಕಾಲು ಭಾಗ ಇಳಿಯುತ್ತದೆ. ಅಷ್ಟೇ ಹುಲ್ಲು ಕತ್ತರಿಸಲು ಅದು ಕರೆಂಟ್ ಜಾಸ್ತಿ ಎಳೆದು ಕಾಯುತ್ತದೆ. ಕತ್ತರಿಸುವಾಗ ವೈರಿನ ತುದಿಯಲ್ಲಿ ವೋಲ್ಟ್ ಎಷ್ಟಿದೆ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಖಾಲಿ ಇದ್ದಾಗ ನೋಡಿ ಪ್ರಯೋಜನವಿಲ್ಲ.

ಇನ್ನೊಂದು, ಸೀರಿಯಲ್ ಲೈಟಿನ ವೈರ್ ಅಂದರೆ ಎರಡೇ ಕೋರ್, ಅರ್ಥಿಂಗ್ ಇಲ್ಲ. ಕಬ್ಬಿಣದ ಬಾಡಿ, ಒದ್ದೆ ಹುಲ್ಲು, ಬರಿಗಾಲು ಸೇರಿದರೆ ಜೀವಕ್ಕೇ ಅಪಾಯ. ಮೂರು ಕೋರಿನ ವೈರ್, ಮೂರು ಪಿನ್ನಿನ 16 ಆಂಪಿಯರ್ ಪ್ಲಗ್ ಹಾಕಿಸಿ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲಿ. ರೋಲಿಗೆ ಸುತ್ತಿದ ವೈರ್ ಆದರೆ ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟೇ ಬಳಸಿದರೆ ಕಾಯ್ದು ಕರಗುತ್ತದೆ.

ಚಿಕ್ಕಮಗಳೂರಿನಿಂದ:
ವೈರ್ ಬದಲಿಸಲೇಬೇಕು, ಒಪ್ಪಿದೆ. ಆದರೆ ನಡುಕಕ್ಕೆ ವೈರ್ ಕಾರಣವಲ್ಲ, ಅದು ಬ್ಲೇಡಿನದು. ಪ್ಲಗ್ ಕಿತ್ತು, ಬ್ಲೇಡಿಗೂ ಬಾಡಿಗೂ ನಡುವೆ ಮರದ ತುಂಡು ಸಿಕ್ಕಿಸಿ ನಟ್ ಬಿಚ್ಚಿ. ನೆಲದ ಕಡೆಯ ಮುಖಕ್ಕೆ ಮಾರ್ಕರ್ ಗುರುತು ಹಾಕಿ, ತಿರುವುಮುರುವಾಗಿ ಕೂರಿಸಿದರೆ ಹುಲ್ಲು ಕತ್ತರಿಸುವುದೇ ಇಲ್ಲ. ಅರದಿಂದ ಹಳೇ ಇಳಿಜಾರಿನಲ್ಲೇ ಎರಡೂ ತುದಿ ಉಜ್ಜಿ. ಗೋಡೆಗೆ ಮೊಳೆ ಹೊಡೆದು ನಡುವಿನ ತೂತಿನಿಂದ ನೇತುಹಾಕಿ. ಒಂದು ಕಡೆ ಕೆಳಗೆ ಬಾಗಿದರೆ ಆ ಕಡೆಯನ್ನೇ ಇನ್ನಷ್ಟು ಅರ ಹಾಕಿ, ಅಡ್ಡಡ್ಡ ನಿಲ್ಲುವ ತನಕ.

ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ಹುಲ್ಲಿನ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು. ಅದರಿಂದಲೂ ಮೋಟರ್ ಕಾಯುತ್ತದೆ. ಬಾಡಿ ಒಳಗೆ ಅಂಟಿ ಒಣಗಿದ ಹುಲ್ಲನ್ನು ಮರದ ಚಕ್ಕೆಯಿಂದ ಕೆರೆಯಿರಿ, ಪೈಪ್ ಹಿಡಿದು ನೀರು ಬಿಡಬೇಡಿ. ಮಳೆಗಾಲದಲ್ಲಿ ಉದ್ದ ಬೆಳೆದ ಹುಲ್ಲಿದ್ದರೆ ಮೊದಲ ಸುತ್ತು ಚಕ್ರ ಎತ್ತರಿಸಿ ಹೊಡೆಯಿರಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ನಡುಗಿದರೆ ಶಾಫ್ಟೇ ಬಾಗಿರಬೇಕು, ಕಲ್ಲಿಗೆ ಬಡಿದಾಗ ಆಗುತ್ತದೆ. ಅದನ್ನು ಮನೆಯಲ್ಲಿ ಸುತ್ತಿಗೆ ಹಿಡಿದು ನೆಟ್ಟಗೆ ಮಾಡಲು ಹೋಗಬೇಡಿ, ಲೇತ್ ಅಂಗಡಿಗೆ ಒಯ್ಯಿರಿ.